ಹಸಿವೆಯೂ ಬಾಯಿಚಪಲವೂ

ಮಂಠಾಳದಿಂದ ಬಸವಕಲ್ಯಾಣಕ್ಕೋ ಹುಮನಾಬಾದಿಗೋ ಓದಲು ಹೊರಡುವ ವಿದ್ಯಾರ್ಥಿಯೊಬ್ಬನನ್ನು ನೆನೆದುಕೊಳ್ಳೋಣ. ಬಸ್ಸು ತಪ್ಪೀತೆಂಬ ಆತುರದಲ್ಲಿ ಅವನು ಚಹವನ್ನಷ್ಟೇ ಕುಡಿದು ಮನೆ ಬಿಡುತ್ತಾನೆ. ಹನ್ನೊಂದು ಗಂಟೆಯ ವೇಳೆಗೆ ಪಾಠದ ಮೇಲೆ ಮನಸ್ಸು ನಿಲ್ಲದು. ತಲೆ ಮೇಜಿಗೆ ಒರಗುತ್ತದೆ. ಇಂಥ ತಲೆಗಳನ್ನು ನಾವು ತರಗತಿಯಲ್ಲಿ ದಿನವೂ ಕಾಣುತ್ತೇವೆ. ಮಧ್ಯಾಹ್ನ ಮಿರ್ಚಿ ಭಜಿಯ ವಾಸನೆ ಮೂಗಿಗೆ ತಾಗಿದೊಡನೆ ಕಾಲು ತಾನಾಗಿ ಅತ್ತ ತಿರುಗುತ್ತದೆ. ತಿಂದಾದ ಮೇಲೆ ತನಗೆ ಮನೋನಿಗ್ರಹ ಸಾಲದೆಂದು ಅವನು ತನ್ನನ್ನೇ ಹಳಿದುಕೊಳ್ಳುತ್ತಾನೆ. ಆದರೆ ಈ ಸೋಲಿನ ಮೂಲವು ಬೆಳಿಗ್ಗೆ ಬಿಟ್ಟ ಊಟದಲ್ಲಿದೆ.

ಹಸಿವೆಯು ದೇಹದ ಬೇಡಿಕೆ. ಹೊಟ್ಟೆ ಬರಿದಾದಾಗ ಜಠರವು ಘ್ರೆಲಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ; ಅದು ಉಣ್ಣಬೇಕೆಂಬ ಸೂಚನೆಯನ್ನು ಮೆದುಳಿಗೆ ಮುಟ್ಟಿಸುತ್ತದೆ. 1999ರಲ್ಲಿ ಜಪಾನಿನ ಕೊಜಿಮಾ, ಕಂಗಾವ ಮತ್ತು ಸಂಗಡಿಗರು ಇದನ್ನು ಕಂಡುಹಿಡಿದರು. ರೂಢಿಯ ಊಟದ ಹೊತ್ತು ಸಮೀಪಿಸಿದಂತೆ ಇದರ ಪ್ರಮಾಣ ಏರುತ್ತದೆ. ಬಾಯಿಚಪಲದ ಬಗೆ ಬೇರೆ. ಹೊಟ್ಟೆ ತುಂಬಿದ್ದರೂ ನೋಟ, ವಾಸನೆ, ಹಳೆಯ ರುಚಿಯ ನೆನಪು ಇವಿಷ್ಟರಿಂದಲೇ ಅದು ಎದ್ದೀತು. ರಷ್ಯದ ವಿಜ್ಞಾನಿ ಪಾವ್ಲೋವನ ಪ್ರಯೋಗಗಳಲ್ಲಿ, ಆಹಾರದೊಡನೆ ಪದೇ ಪದೇ ಬಂದ ಸಂಕೇತವೊಂದೇ ನಾಯಿಯ ಬಾಯಲ್ಲಿ ಜೊಲ್ಲೂರಿಸಲು ಸಾಕಾಯಿತು. ಬಾಣಲೆಯ ಚುರ್ರೆಂಬ ಸದ್ದು ನಮ್ಮ ಪಾಲಿಗೆ ಅಂಥದೇ ಸಂಕೇತ. ಹಸಿವೆಯೂ ಚಪಲವೂ ಒಂದೇ ಗಳಿಗೆಯಲ್ಲಿ ಕೂಡಿದರೆ ಎಂಥ ಸಂಕಲ್ಪವೂ ಸಡಿಲುವುದು ಸಹಜ.

ತಿಂದುದನ್ನು ನಡೆದು ಕರಗಿಸಿದರಾಯಿತು ಎನ್ನುವವರುಂಟು. ಸ್ವಲ್ಪ ಲೆಕ್ಕ ಮಾಡಿ ನೋಡೋಣ. ಒಂದು ತಟ್ಟೆ ಭಜಿಯಲ್ಲಿ 15 ಗ್ರಾಂ ಎಣ್ಣೆ ಉಳಿದಿದೆಯೆಂದು ಇಟ್ಟುಕೊಳ್ಳಿ. ಗ್ರಾಮಿಗೆ 9 ಕಿಲೋಕ್ಯಾಲೊರಿಯಂತೆ 135 ಕಿಲೋಕ್ಯಾಲೊರಿ, ಅಂದರೆ ಸುಮಾರು 565 ಕಿಲೋಜೂಲ್ ಶಕ್ತಿಯಾಯಿತು. 50 ಕಿಲೋಗ್ರಾಂ ತೂಕದವನು ಒಂದು ಮೀಟರು ಮೇಲೇರಲು ಮಾಡುವ ಕೆಲಸ ಸುಮಾರು 490 ಜೂಲ್. ನಮ್ಮ ಸ್ನಾಯುಗಳು ಆಹಾರದ ಶಕ್ತಿಯಲ್ಲಿ ಸುಮಾರು ಕಾಲು ಭಾಗವನ್ನಷ್ಟೇ ಕೆಲಸವಾಗಿ ಮಾರ್ಪಡಿಸಬಲ್ಲವು, ಉಳಿದುದು ಶಾಖವಾಗುತ್ತದೆ. ಆದುದರಿಂದ ಮೀಟರೊಂದಕ್ಕೆ 2 ಕಿಲೋಜೂಲ್ ಬೇಕು. ಎಣ್ಣೆಯೊಂದರ ಲೆಕ್ಕ ತೀರಿಸಲು ಅವನು ಸುಮಾರು 280 ಮೀಟರು ಏರಬೇಕಾದೀತು. ಇದು ವಿಜಯಪುರದ ಗೋಳಗುಮ್ಮಟದ ಹಲವು ಪಟ್ಟು ಎತ್ತರ!

ಇದರಿಂದ ವ್ಯಾಯಾಮ ವ್ಯರ್ಥವೆಂದಾಗಲಿ, ಉಪವಾಸ ಮೇಲೆಂದಾಗಲಿ ವಾಚಕರು ಭಾವಿಸಬಾರದು. ಬೆಳೆಯುವ ದೇಹಕ್ಕೆ ಊಟ ತಪ್ಪಬಾರದು. ಹಸಿವೆಗೂ ಚಪಲಕ್ಕೂ ಭೇಟಿಯಾಗದಂತೆ ದಿನವನ್ನು ಅಣಿಗೊಳಿಸಿಕೊಂಡರೆ ಸಾಕು. ಬೆಳಿಗ್ಗೆ ಒಂದು ರೊಟ್ಟಿಯನ್ನಾದರೂ ಉಂಡು ಹೊರಡಿರಿ. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು, ಅಷ್ಟೇ ಸಸಾರಜನಕ ಇವೆ. ಜೊತೆಗೆ ತೊಗರಿಬೇಳೆಯೋ ಪುಂಡಿಪಲ್ಯವೋ ಇದ್ದರೆ ಹಸಿವೆ ಬೇಗ ಮರಳದು. ಬುತ್ತಿ ಕಟ್ಟಿಕೊಳ್ಳಿರಿ, ಚೀಲದಲ್ಲಿ ಹಿಡಿ ಪುಟಾಣಿಯೋ ಹುರಿದ ಶೇಂಗಾವೋ ಇರಲಿ. ನಿಧಾನವಾಗಿ ಅಗಿಯಿರಿ, ಹೊಟ್ಟೆ ತುಂಬಿತೆಂಬ ಸುದ್ದಿ ಮೆದುಳಿಗೆ ತಲುಪಲು ಸುಮಾರು ಇಪ್ಪತ್ತು ನಿಮಿಷ ಹಿಡಿಯುತ್ತದೆ. ಚಪಲವೆದ್ದಾಗ ನೀರು ಕುಡಿದು, ಅಂಗಡಿಯಿಂದ ದೂರ ಸರಿದು, ಹತ್ತು ನಿಮಿಷ ಕಾಯಿರಿ. ಅನೇಕ ವೇಳೆ ಅದು ಅಲೆಯಂತೆ ತಾನೇ ಇಳಿಯುತ್ತದೆ. ಚಹದ ಸಕ್ಕರೆಯನ್ನು ವಾರಕ್ಕಿಷ್ಟಿಷ್ಟೆಂದು ತಗ್ಗಿಸಿದರೆ ನಾಲಗೆ ಅದಕ್ಕೇ ಒಗ್ಗುತ್ತದೆ.

ಇನ್ನು ಹಬ್ಬದ ಮಾತು. ಎಳ್ಳಮಾವಾಸ್ಯೆಯಂದು ಬೀದರ ಸೀಮೆಯ ಹೊಲಗಳಲ್ಲಿ ಸಜ್ಜೆಯ ರೊಟ್ಟಿ, ಅಂಬಲಿಗಳೊಡನೆ ಬಡಿಸುವ ಭಜ್ಜಿಯು ಹಲವು ಕಾಳು, ಸೊಪ್ಪು, ತರಕಾರಿಗಳನ್ನು ಕೂಡಿಸಿ ಬೇಯಿಸಿದ ಪದಾರ್ಥ. ನಿಲ್ದಾಣದ ಭಜಿಗೂ ಇದಕ್ಕೂ ಹೆಸರಿನಲ್ಲಷ್ಟೇ ನಂಟು. ಮಿರ್ಚಿ ಭಜಿಯನ್ನು ಅಪರೂಪದ ದಿನಕ್ಕಿಟ್ಟು, ಹಬ್ಬದ ಆ ಭಜ್ಜಿಯ ಕಾಳು ಸೊಪ್ಪುಗಳನ್ನು ದಿನದ ಬುತ್ತಿಗೆ ತಂದುಕೊಂಡರೆ ನಾಲಗೆಗೂ ನಷ್ಟವಿಲ್ಲ, ಹನ್ನೊಂದು ಗಂಟೆಯ ಪಾಠಕ್ಕೂ ನಷ್ಟವಿಲ್ಲ.