ಬೀಸುವ ಕಲ್ಲು ನೋಡಲು ಟಿಕೆಟ್ಟು!

ಅಕ್ಕಂದಿರೇ, ನಿಮ್ಮ ಮನೆಯ ಬೀಸುವ ಕಲ್ಲು ಈಗ ಎಲ್ಲಿದೆ? ಹಿತ್ತಲಲ್ಲಿ ಮಗುಚಿ ಬಿದ್ದಿದೆಯೇ? ಬಟ್ಟೆ ಒಗೆಯುವ ಕಡೆ ಸೇರಿದೆಯೇ? ರಾಮನಗರದ ಹತ್ತಿರ ಅಂಥ ಸಾಮಾನು ನೋಡಲು ಜನ ಟಿಕೆಟ್ ಕೊಂಡು ಬರುತ್ತಾರೆ. ಆ ಜಾಗದ ಹೆಸರು ಜಾನಪದ ಲೋಕ.

ನಾಗಮಂಗಲದ ಕಡೆಯ ನಾವು ಹದಿನೆಂಟು ಹೆಂಗಸರು ಬುತ್ತಿ ಕಟ್ಟಿಕೊಂಡು ಒಂದು ದಿನ ಹೋಗಿದ್ದೆವು. ಮಂಡ್ಯದಲ್ಲಿ ಬಸ್ಸು ಬದಲಿಸಬೇಕು. ಮದ್ದೂರು, ಚನ್ನಪಟ್ಟಣ ದಾಟಿದ ಮೇಲೆ ಸಿಗುತ್ತದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆಯವರೂ ಮಂಡ್ಯದ ಮೇಲೆ ಹೋಗಬಹುದು. ಹೊಸ ಹೆದ್ದಾರಿಯ ಬಸ್ಸು ಈ ಊರುಗಳ ಒಳಗೆ ಬರುವುದಿಲ್ಲ. ಹಳೇ ರಸ್ತೆಯ ಬಸ್ಸು ಹತ್ತಿ. ಬೋರ್ಡು ನೀವೇ ಓದಿ.

ಶ್ರೀರಂಗಪಟ್ಟಣದ ದರಿಯಾ ದೌಲತ್ ನೋಡಿದ್ದೀರಾ? ಅಲ್ಲಿ ಗೋಡೆ ತುಂಬ ಯುದ್ಧದ ಚಿತ್ರ. ಹೈದರಾಲಿ ಇದ್ದಾನೆ, ಟಿಪ್ಪು ಇದ್ದಾನೆ. ಆ ಸೈನ್ಯಕ್ಕೆ ಹಿಟ್ಟು ಬೀಸಿದವರ ಹೆಸರು ಎಲ್ಲಿದೆ? ಜಾನಪದ ಲೋಕದಲ್ಲಿ ಇರುವುದು ಬೀಸಿದವರ, ಕುಟ್ಟಿದವರ, ಉತ್ತವರ ಸಾಮಾನು.

ಇದನ್ನು ಕಟ್ಟಿದವರು ನಾಗಮಂಗಲ ತಾಲ್ಲೂಕಿನವರೇ. ಹೆರಗನಹಳ್ಳಿಯಲ್ಲಿ 1915ರಲ್ಲಿ ಹುಟ್ಟಿದ ಎಚ್.ಎಲ್. ನಾಗೇಗೌಡರು. ದೊಡ್ಡ ಸರ್ಕಾರಿ ಅಧಿಕಾರಿ ಆಗಿದ್ದರು. ಹಳ್ಳಿಯ ಹಾಡು, ಕತೆಗಳನ್ನು ಕೇಳಿ ಕೇಳಿ ಕೂಡಿಸಿದರು. 1979ರಲ್ಲಿ ಜಾನಪದ ಪರಿಷತ್ತು ಶುರುವಾಯಿತು. 1994ರಲ್ಲಿ 15 ಎಕರೆ ಜಾಗದಲ್ಲಿ ಜಾನಪದ ಲೋಕ ತೆರೆಯಿತು. ಗೌಡರು 2005ರಲ್ಲಿ ತೀರಿಕೊಂಡರು.

ಸ್ವೀಡನ್ ಎಂಬ ದೂರದ ದೇಶದಲ್ಲಿ ಇಂಥದ್ದು 1891ರಲ್ಲೇ ಆಗಿತ್ತು. ಅದರ ಹೆಸರು ಸ್ಕಾನ್ಸೆನ್. ಹಳೇ ಮನೆಗಳನ್ನು ಬಿಚ್ಚಿ ತಂದು ಬಯಲಲ್ಲಿ ಮತ್ತೆ ಕಟ್ಟಿದರು. ಹಳೇ ಕಾಲದ ಬಟ್ಟೆ ತೊಟ್ಟವರು ಆ ಮನೆಗಳಲ್ಲಿ ಕೆಲಸ ಮಾಡಿ ತೋರಿಸುತ್ತಾರೆ.

ಜಾನಪದ ಲೋಕದಲ್ಲಿ ವೀರಗಲ್ಲು, ಗಾಣ, ತೊಗಲುಗೊಂಬೆ ಎಲ್ಲಾ ಇವೆ. ನಮ್ಮವರು ಅವನ್ನು ಬೇಗ ಬೇಗ ನೋಡಿದರು. ನಿಂತದ್ದು ಲೋಕಮಾತಾ ಮಂದಿರದಲ್ಲಿ. ಅಲ್ಲಿ ಅಡುಗೆಮನೆ ಸಾಮಾನು, ಅಳತೆ ಪಾತ್ರೆ, ಬುಟ್ಟಿಗಳಿವೆ. ನಮ್ಮ ಜೊತೆಯ ಅಜ್ಜಿಯೊಬ್ಬರು ಚೀಟಿ ಓದುವ ಮೊದಲೇ ಹೇಳಿದರು: “ಇದು ಪಾವು, ಇದು ಸೇರು. ನಾಕು ಪಾವಿಗೆ ಒಂದು ಸೇರು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ.” ಆಮೇಲೆ ಚೀಟಿಯನ್ನೂ ಅಕ್ಷರ ಕೂಡಿಸಿ ಓದಿದರು. “ಸರಿಯಾಗೇ ಬರ್ದವ್ರೆ” ಅಂದರು.

ಇನ್ನೊಬ್ಬಾಕೆ ಸುಮ್ಮನೆ ನಿಂತಿದ್ದಳು. ಯಾಕೆ ಅಂದೆ.

“ನಮ್ಮತ್ತೆ ಕಲ್ಲು ಹಿಡುದ್ರೆ ಹಾಡು ಮುಗೀತಿರ್ಲಿಲ್ಲ ಮೇಡಂ. ಮಿಲ್ಲು ಬಂತು, ಕಲ್ಲು ನಿಂತೋಯ್ತು. ಹಾಡೂ ನಿಂತೋಯ್ತು. ಈಗ ಅತ್ತೆನೂ ಇಲ್ಲ. ನಂಗೆ ಒಂದು ಸಾಲೂ ಬರಲ್ಲ.”

ಮಿಲ್ಲು ಬಂದದ್ದು ಒಳ್ಳೆಯದೇ. ಕೋಳಿ ಕೂಗುವ ಮೊದಲು ಎದ್ದು ಬೀಸಿ ಕೈ ಬೊಬ್ಬೆ ಬಂದವರು ಯಾರೂ ಆ ದಿನ ಮತ್ತೆ ಬರಲಿ ಅನ್ನುವುದಿಲ್ಲ. ಆದರೆ ಹಾಡು ಕಲ್ಲಿನ ಜೊತೆಗೇ ಇತ್ತು. ಕಲ್ಲನ್ನು ತಂದು ಇಟ್ಟುಕೊಳ್ಳಬಹುದು. ಹಾಡನ್ನು ಯಾರಾದರೂ ಹೇಳಬೇಕು, ಯಾರಾದರೂ ಬರೆದುಕೊಳ್ಳಬೇಕು. ನಾಗೇಗೌಡರು ಮಾಡಿದ್ದು ಆ ಕೆಲಸ. ಎಲ್ಲ ಮನೆಗೂ ಅವರು ಬರಲು ಆಗುತ್ತಿತ್ತೇ?

ವಾಪಸ್ಸು ಬರುವಾಗ ಅಜ್ಜಿ ಬಸ್ಸಿನಲ್ಲಿ ಒಂದು ಹಾಡು ಎತ್ತಿದರು. ಆಕೆ ಚೀಲದಿಂದ ಕಲಿಕೆಯ ಪುಸ್ತಕ ತೆಗೆದಳು. ಬಸ್ಸು ಕುಲುಕುತ್ತಿತ್ತು. ಒತ್ತಕ್ಷರ ತಪ್ಪಿದವು. ಮದ್ದೂರಿಗೆ ಬರುವಷ್ಟರಲ್ಲಿ ಆರು ಸಾಲು ಆಗಿತ್ತು.

“ಇನ್ನೂ ಐತೆ, ಬರ್ಕೊಳವ್ವ” ಅಂದರು ಅಜ್ಜಿ.