ಹೊಳೆ ಹೊರುವ ಹೊರೆ



ಹಗರಿಯ ದಂಡೆಯಲ್ಲಿ ಹೊಲ ಉಳ್ಳವರು ಇದನ್ನು ಕಂಡಿರುತ್ತೀರಿ. ಹೊಳೆಯ ತಿರುವಿನಲ್ಲಿ ಒಂದು ದಡದವನ ಬದು ಕುಸಿದರೆ ಎದುರು ದಡದವನಿಗೆ ಮರಳುದಿಬ್ಬ ಬೆಳೆಯುತ್ತದೆ. ಇದು ಹೊಳೆಯ ಪಕ್ಷಪಾತವಲ್ಲ, ವೇಗದ ಲೆಕ್ಕ.

ಹರಿಯುವ ನೀರು ಬರಿಗೈಯಲ್ಲಿ ಹೋಗುವುದಿಲ್ಲ. ನಯವಾದ ಜೇಡಿಯನ್ನು ತನ್ನೊಳಗೆ ಕದಡಿಕೊಂಡು, ಮರಳನ್ನು ತಳದಲ್ಲಿ ಕುಪ್ಪಳಿಸುತ್ತ, ಗುಂಡುಕಲ್ಲನ್ನು ಉರುಳಿಸುತ್ತ ಸಾಗುತ್ತದೆ. ವೇಗ ತಗ್ಗಿದಂತೆ ಮೊದಲು ಕಲ್ಲು, ಆಮೇಲೆ ಮರಳು, ಕಡೆಗೆ ಜೇಡಿ ಕೆಳಗಿಳಿಯುತ್ತವೆ. ತಿರುವಿನ ಹೊರಮಗ್ಗುಲಲ್ಲಿ ನೀರಿಗೆ ರಭಸ ಹೆಚ್ಚು. ಅದು ದಡದ ಬುಡವನ್ನು ಕೊರೆಯುತ್ತದೆ, ಮೇಲಿನ ಮಣ್ಣು ತಾನಾಗಿ ಕಳಚಿ ಬೀಳುತ್ತದೆ. ಒಳಮಗ್ಗುಲ ನೀರು ನಿಧಾನವಾದ್ದರಿಂದ ಮರಳು ಅಲ್ಲಿ ನಿಲ್ಲುತ್ತದೆ.

ಹಗರಿ ವರ್ಷದ ಬಹುಪಾಲು ಒಣಗಿರುತ್ತದೆ. ಆಗ ಅದರ ಮರಳನ್ನು ಗಾಳಿ ಹೊರುತ್ತದೆ. ಬೊಮ್ಮನಹಾಳು, ಕಣೇಕಲ್ಲು ಕಡೆಯ ಮರಳುಗುಡ್ಡೆಗಳು ಹಾಗೆ ಎದ್ದವು. ಹಾಗಾದರೆ ಪಾತ್ರದ ಮರಳನ್ನೆಲ್ಲ ಬಗೆದು ಸಾಗಿಸಿದರೆ ಒಳ್ಳೆಯದಲ್ಲವೇ ಎಂದು ನೀವು ಕೇಳಬಹುದು. ಅಲ್ಲ. ಆಳದ ಗುಂಡಿಗೆ ಪ್ರವಾಹ ಧುಮುಕುವಾಗ ಅದರ ಮೇಲ್ಬದಿಯ ತಳವನ್ನು ಹಿಂದಕ್ಕೆ ಹಿಂದಕ್ಕೆ ಕೊರೆಯುತ್ತದೆ. ಗುಂಡಿಯಲ್ಲಿ ಹೊರೆ ಇಳಿಸಿ ಹಗುರಾದ ನೀರು ಮುಂದಿನ ದಡಕ್ಕೆ ಬಾಯಿ ಹಾಕುತ್ತದೆ. ಪಾತ್ರ ತಗ್ಗಿದಷ್ಟೂ ದಂಡೆಯ ಬಾವಿಗಳ ನೀರೂ ಇಳಿಯುತ್ತದೆ. ಮರಳಿನ ಲಾರಿಗೆ ದಾರಿ ಬಿಟ್ಟುಕೊಡುವವರು ತಮ್ಮ ಬಾವಿಯನ್ನೊಮ್ಮೆ ಇಣುಕಿ ನೋಡಲಿ.

ಹೊಳೆಗೆ ಅಡ್ಡಲಾಗಿ ಅಣೆಕಟ್ಟು ಕಟ್ಟಿದರೆ ನೀರು ನಿಂತೇಬಿಡುತ್ತದೆ, ಹೊರೆಯ ಹೆಚ್ಚಿನ ಪಾಲು ಅಲ್ಲೇ ಕೂರುತ್ತದೆ. ತೆಲುಗಿನ ಪೂಡಿಕ, ನಮ್ಮ ಹೂಳು: ಮಾತಿನ ಬೇರೂ ಒಂದೇ, ತೊಂದರೆಯೂ ಒಂದೇ. ಹೊಸಪೇಟೆ ಬಳಿಯ ತುಂಗಭದ್ರಾ ಜಲಾಶಯ 1953ರಲ್ಲಿ ಸುಮಾರು 133 ಟಿಎಂಸಿ ನೀರು ಹಿಡಿಯುವಂತಿತ್ತು. 2016ರ ಅಳತೆಯಲ್ಲಿ ಸಿಕ್ಕಿದ್ದು 105.788 ಟಿಎಂಸಿ. ಆದವಾನಿಯ ಕಡೆಗೆ ಬರುವ ಕೆಳಮಟ್ಟದ ಕಾಲುವೆಗೂ ರಾಯದುರ್ಗದ ಕಡೆಗೆ ಬರುವ ಮೇಲ್ಮಟ್ಟದ ಕಾಲುವೆಗೂ ಇದೇ ಮೂಲ. ಕೊರತೆ ಬಿದ್ದಾಗ ಮೊದಲು ಒಣಗುವುದು ಕಾಲುವೆಯ ಕೊನೆಯ ಹೊಲ.

ಹೂಳು ತೆಗೆಸಿದರಾಯಿತು ಎಂಬ ಮಾತು ಕಟ್ಟೆಯ ಮೇಲೆ ಆಗಾಗ ಕೇಳಿಬರುತ್ತದೆ. ಲೆಕ್ಕ ಹಾಕಿ ನೋಡಿ. ಲಾರಿಗೆ 10 ಘನ ಮೀಟರ್ ಹಿಡಿದರೂ ಅದು 7 ಕೋಟಿಗೂ ಮಿಕ್ಕ ಲೋಡು. ಅಷ್ಟನ್ನು ಸುರಿಯಲು ಯಾವ ಊರಿನವರು ಜಾಗ ಕೊಟ್ಟಾರು? ಅದಕ್ಕೇ ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಸಮಾನಾಂತರ ಜಲಾಶಯ ಕಟ್ಟುವ ಪ್ರಸ್ತಾಪವನ್ನು ಕರ್ನಾಟಕ ಮುಂದಿಟ್ಟಿದೆ. ನೀರು ಮೂರು ರಾಜ್ಯಗಳದು. ಆದ್ದರಿಂದ ಆಂಧ್ರ, ತೆಲಂಗಾಣಗಳೂ ಅದಕ್ಕೆ ಒಪ್ಪಬೇಕು.