ತೊಟ್ಟು ಸೋರದೆ ಗೇರ್ ಎಣ್ಣೆ ಇಳಿಯುವುದೆಲ್ಲಿಗೆ?

ನಿಮ್ಮ ಹಳೆಯ ಟ್ರ್ಯಾಕ್ಟರನ್ನು ತುಮಕೂರಿನ ಸದಾಶಿವನಗರದ ಸಿಮೆಂಟು ನೆಲದ ಮೇಲೆ ರಾತ್ರಿಯಿಡೀ ನಿಲ್ಲಿಸಿದರೂ ಒಂದು ತೊಟ್ಟು ಕಾಣದು. ಆದರೂ ಗೇರ್ ಎಣ್ಣೆ ಇಳಿಯುತ್ತಲೇ ಇದೆ. ಎಣ್ಣೆ ಆವಿಯಾಗಿ ಹೋಗುವ ವಸ್ತುವಲ್ಲ.

ಮೊದಲು ಎಂಜಿನ್ನಿನ ಅಳತೆಕಡ್ಡಿ ನೋಡಿ. ಗೇರಿಗೂ ಹೈಡ್ರಾಲಿಕ್ಕಿಗೂ ಒಂದೇ ಎಣ್ಣೆಯಿದ್ದು, ಪಂಪನ್ನು ಎಂಜಿನ್ನೇ ತಿರುಗಿಸುವ ಮಾದರಿಗಳಲ್ಲಿ ಪಂಪಿನ ಸೀಲು ಸವೆದರೆ ಎಣ್ಣೆ ಎಂಜಿನ್ನಿಗೆ ಸೇರುತ್ತದೆ. ಇತ್ತ ಇಳಿದದ್ದು ಅತ್ತ ಏರಿರುತ್ತದೆ. (ಏರಿದ ಎಣ್ಣೆಗೆ ಡೀಸೆಲ್ ವಾಸನೆಯಿದ್ದರೆ ದೋಷ ಇಂಧನದ ಕಡೆಯದು.) ಸೀಲು ಬದಲಿಸಿ, ಎಂಜಿನ್ ಎಣ್ಣೆಯನ್ನೂ ಬದಲಿಸತಕ್ಕದ್ದು.

ಅಲ್ಲಿ ಏರಿಲ್ಲವೆ? ಕ್ಲಚ್ ಕವಚದ ತಳದ ರಂಧ್ರವನ್ನು ನೋಡಿ. ಕುಣಿಗಲ್ ಕಡೆ ಕೆಸರುಗದ್ದೆ ಉತ್ತ ಮೇಲೆ ಅದು ಮಣ್ಣು ಮೆತ್ತಿ ಮುಚ್ಚಿಕೊಂಡರೆ, ಒಳಗೆ ಸೋರಿದ ಎಣ್ಣೆ ಹೊರಬಾರದೆ ಕ್ಲಚ್ ಪ್ಲೇಟನ್ನು ನೆನೆಸುತ್ತದೆ. ಕಡ್ಡಿಯಿಂದ ಚುಚ್ಚಿ ತೆರೆಯಿರಿ.

ಒಂದು ಪಕ್ಕದ ಬ್ರೇಕು ಹಿಡಿಯದಿದ್ದರೆ ಹಿಂದಿನ ಆಕ್ಸಲ್ ಸೀಲಿನ ಮೇಲೆ ಗುಮಾನಿಯಿರಲಿ. ಅಂಥ ಬಂಡಿಗೆ ತೆಂಗಿನಕಾಯಿ ಹೇರಿ ಗುಬ್ಬಿ ರಸ್ತೆಗಿಳಿಯಬೇಡಿ, ಜೀವದ ಮಾತು.

ಹಲವರು ಮರೆಯುವುದು ಎತ್ತಿ ಸುರಿಯುವ ಟ್ರೈಲರನ್ನು! ಜಾಕನ್ನು ಪೂರ್ತಿ ಇಳಿಸದೆ ಕೊಳವೆ ಕಳಚಿದರೆ ನಿಮ್ಮ ಎಣ್ಣೆ ಟ್ರೈಲರಿನೊಂದಿಗೇ ನೆರೆಯವರ ಮನೆ ಸೇರಿರುತ್ತದೆ.

ಅಳೆಯುವಾಗ ಟ್ರ್ಯಾಕ್ಟರು ಸಮನೆಲದಲ್ಲಿದ್ದು ನೇಗಿಲು ಕೆಳಗಿಳಿದಿರಲಿ. ಎರಡೂ ಕಡ್ಡಿಗಳ ಮಟ್ಟವನ್ನು ವಾರಕ್ಕೊಮ್ಮೆ ಕ್ಯಾಲೆಂಡರಿನಲ್ಲಿ ಬರೆದು, ಮೆಕ್ಯಾನಿಕ್ಕನಿಗೆ ತೋರಿಸಿ.